ಆಯ್ಕೆ ಪಟ್ಟಿಯ ಮೂರನೆಯ ಹೆಸರು

ರಾಣೆಬೆನ್ನೂರಿನಲ್ಲಿ ಬೆಳಗಿನ ರೈಲು ಹತ್ತಿ ಬ್ಯಾಡಗಿಯ ಕಚೇರಿಗೆ ಹೋಗಿಬರುವುದು ಪದ್ಮಜಾಗೆ ಹನ್ನೆರಡು ವರ್ಷಗಳ ರೂಢಿ. ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿದ ದಿನದಿಂದ ಅದೇ ಊರು, ಅದೇ ಮೇಜು, ಬಂದ-ಹೋದ ಪತ್ರ ಬರೆದಿಡುವ ಆವಕ-ಜಾವಕದ ಅದೇ ದಪ್ಪ ವಹಿ. ಅವಳ ಜೊತೆಗೇ ಆಯ್ಕೆಯಾಗಿದ್ದ ಐರಣಿಯ ಮಾಲತೇಶ ಅದೇ ಗಾಡಿಯಲ್ಲಿ ಮುಂದೆ ಹಾವೇರಿಯ ಜಿಲ್ಲಾ ಕಚೇರಿಗೆ ಹೋಗುತ್ತಿದ್ದ. ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಕಣ್ಣಿಗೆ ಬಿದ್ದರೆ ಒಂದು ನಗು, ಹಬ್ಬದ ಮರುದಿನ ಒಂದೆರಡು ಮಾತು.

ಆ ಬುಧವಾರ ಮಾತ್ರ ಅವನು ಗದ್ದಲದಲ್ಲಿ ದಾರಿ ಮಾಡಿಕೊಂಡು ಅವಳ ಸೀಟಿನ ಹತ್ತಿರ ಬಂದು ನಿಂತ.

"ಅಕ್ಕಾರ, ಜ್ಯೇಷ್ಠತಾ ಪಟ್ಟಿ ನೋಡೀರೇನ್ರಿ?"

"ಹೋದ ವಾರನ ಬಂದದಲ್ರಿ. ಸಹಿ ಮಾಡಿ ಕೊಟ್ಟೆ."

"ಸಹಿ ಮಾಡೀರಿ ಖರೇ. ನೋಡೀರೇನು?"

ಪದ್ಮಜಾ ನಕ್ಕುಬಿಟ್ಟಳು. ನೋಡಿರಲಿಲ್ಲ. ಯಾರು ಹಿರಿಯರು, ಯಾರು ಕಿರಿಯರು ಎಂದು ಹೇಳುವ ಆ ಪಟ್ಟಿ ವರ್ಷಕ್ಕೊಮ್ಮೆ ಬರುತ್ತಿತ್ತು, ಹೋಗುತ್ತಿತ್ತು. ತಮ್ಮ ಬ್ಯಾಚಿನ ಹತ್ತೊಂಬತ್ತು ಜನರ ಹೆಸರು ಯಾವಾಗಲೂ ತಳದಲ್ಲಿರುತ್ತಿದ್ದುದರಿಂದ ಅದರ ಗೊಡವೆ ಯಾರಿಗೂ ಇರಲಿಲ್ಲ. ಈಗ ಮೇಲಿದ್ದವರೆಲ್ಲ ಬಡ್ತಿ ಹೊಂದಿ ಹೋಗಿ, ಇವರ ಬ್ಯಾಚೇ ಪಟ್ಟಿಯ ತಲೆಗೆ ಬಂದಿತ್ತು.

"ನಿಮ್ಮ ಹೆಸರು ಕಟ್ಟಕಡೀಕ ಐತ್ರಿ, ಹತ್ತೊಂಬತ್ತಕ್ಕ. ಅದು ತಪ್ಪು," ಎಂದ ಮಾಲತೇಶ. "ಕೆಲಸಕ್ಕ ಹಾಜರಾದ ತಾರೀಖು ನೋಡಿ ಕೂಡ್ಸ್ಯಾರ. ಆಯ್ಕೆ ಪಟ್ಟಿಯೊಳಗಿನ ನಂಬರ ನೋಡಿ ಕೂಡಸಬೇಕು. ಅದರಾಗ ನೀವು ಮೂರನೇದವ್ರು."

"ನಾ ನಾಲ್ಕ ತಿಂಗಳು ತಡಾ ಮಾಡಿ ಸೇರಿದಾಕಿ ಅಲ್ರಿ? ಆಗ ನಮ್ಮ ಧನಶ್ರೀ ಹುಟ್ಟಿದ್ಲು."

"ಮುದತಿ ಕೇಳಿ ಅರ್ಜಿ ಕೊಟ್ಟಿದ್ರಿ, ಮಂಜೂರೂ ಆಗಿತ್ತು. ಕೊಟ್ಟ ಮುದತಿಯೊಳಗ ಸೇರಿದ್ರ ನಂಬರ ಹೋಗೂದಿಲ್ಲ. ಆ ಆದೇಶದ ಪ್ರತಿ ಹುಡುಕ್ರಿ. ಆಕ್ಷೇಪಣೆ ಕೊಡಾಕ ಶುಕ್ರವಾರ ಸಂಜೀತನಕ ಟೈಮ್ ಐತಿ, ಮರೀಬ್ಯಾಡ್ರಿ."

ಬ್ಯಾಡಗಿ ಬಂತು. ಇನ್ನೇನೋ ಕೇಳಬೇಕೆಂದುಕೊಂಡವಳು ಕೇಳದೆ ಇಳಿದಳು.

ಕಚೇರಿಯ ದಾಖಲೆ ಕೋಣೆಯ ಬೀಗದ ಕೈ ಇರುತ್ತಿದ್ದುದು ಜವಾನ ಕೆಲಸದ ಮೈಲವ್ವನ ಸೊಂಟದಲ್ಲಿ. ಮೆಣಸಿನಕಾಯಿಯ ಸುಗ್ಗಿ ಬೇರೆ. ಕಿಟಕಿಯಿಂದ ಬಂದ ಘಾಟು ಹಳೆಯ ಕಾಗದದ ಧೂಳಿಗೆ ಸೇರಿ, ಇಬ್ಬರೂ ಸೀನಿ ಸೀನಿ ಸುಸ್ತಾದರು. "ಏನ ಹುಡಕಾಕತ್ತೀರಿ ಅನ್ನೂದರ ಹೇಳ್ರಿ, ನನಗ ಓದಾಕ ಬರದಿದ್ರೂ ಕಟ್ಟಿನ ಬಣ್ಣ ಗೊತ್ತೈತಿ," ಎಂದಳು ಮೈಲವ್ವ. ಹನ್ನೆರಡು ವರ್ಷದ ಹಿಂದಿನ ನೇಮಕಾತಿ ಕಾಗದ ಎಂದ ಕೂಡಲೇ ಏಣಿ ಹತ್ತಿ, ಕೆಂಪು ಅರಿವೆ ಸುತ್ತಿದ ಕಟ್ಟೊಂದನ್ನು ಮೇಲಿನಿಂದ ಕೆಡವಿದಳು. ಅದರೊಳಗೇ ಇತ್ತು ಆದೇಶ. ಒಂದು ಮೂಲೆಯನ್ನು ಹುಳ ತಿಂದಿತ್ತಾದರೂ ಸಹಿ, ಮೊಹರು, ತಾರೀಖು ಸ್ಪಷ್ಟವಾಗಿದ್ದವು.

ಖುಷಿಯಿಂದ ಮೇಜಿಗೆ ಬಂದು ಪದ್ಮಜಾ ಮೊದಲ ಸಲ ಆ ಜ್ಯೇಷ್ಠತಾ ಪಟ್ಟಿಯನ್ನು ಸಾಲು ಸಾಲಾಗಿ ಓದಿದಳು. ಖಾಲಿ ಇದ್ದದ್ದು ಪ್ರಥಮ ದರ್ಜೆಯ ಮೂರು ಹುದ್ದೆ. ಪಟ್ಟಿಯ ಮೊದಲ ಮೂವರಿಗೆ ಬಡ್ತಿ. ಆ ಮೂರನೆಯ ಹೆಸರು: ಮಾಲತೇಶ ಸೋಮಪ್ಪ ಕಂಬಳಿ.

ಅವಳು ಕಾಗದವನ್ನು ಹಾಗೇ ಕೆಳಗಿಟ್ಟಳು. ತಾನು ಮೂರಕ್ಕೆ ಹೋದರೆ ಅವನು ನಾಲ್ಕಕ್ಕಿಳಿಯುತ್ತಾನೆ. ಜಿಲ್ಲಾ ಕಚೇರಿಯಲ್ಲಿ ಈ ಪಟ್ಟಿಯ ಕಡತ ನೋಡುವವನೇ ಅವನು; ಅವನಿಗೆ ಇದು ಗೊತ್ತಿರದೆ ಇರುತ್ತದೆಯೇ? ಗೊತ್ತಿದ್ದೇ ಬಂದು ಹೇಳಿದ್ದಾನೆ.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿದಳು. ಔಷಧದಂಗಡಿಯಿಂದ ಆಗಷ್ಟೇ ಬಂದಿದ್ದ ಋಷಿಕೇಶ ಕೈಕಾಲು ತೊಳೆಯುವುದನ್ನೂ ಮರೆತು ಕೇಳಿದ. ಮಗಳು ಧನಶ್ರೀ ನಡುವೆ ಬಾಯಿ ಹಾಕಿದಳು. "ನಾ ಹುಟ್ಟಿದ್ದಕ್ಕ ನಿನಗ ಲಾಸ್ಟ್ ನಂಬರ ಬಂತೇನಮ್ಮಾ?"

"ನೀ ಹುಟ್ಟಿದ್ದಕ್ಕ ಅಲ್ಲ, ನಾ ನೋಡದ ಸಹಿ ಮಾಡಿದ್ದಕ್ಕ," ಎಂದಳು ಪದ್ಮಜಾ. ನಗು ಬಂದರೂ ಮನಸ್ಸು ಹಗುರಾಗಲಿಲ್ಲ. ಬಡ್ತಿ ಬಂದರೆ ರಾಣೆಬೆನ್ನೂರಿಗೇ ಬರಬಹುದು, ರೈಲಿನ ಓಡಾಟ ತಪ್ಪೀತು. ಆದರೆ ಎದುರು ಕುಳಿತು ಉಣ್ಣುವವನ ತಾಟಿಗೆ ಕೈ ಹಾಕಿದ ಹಾಗೆ ಅನಿಸುತ್ತಿತ್ತು.

ಗುರುವಾರದ ಗಾಡಿಯಲ್ಲಿ ಅವಳೇ ಅವನನ್ನು ಹುಡುಕಿಕೊಂಡು ಹೋದಳು.

"ನಾ ಆಕ್ಷೇಪಣೆ ಕೊಡೂದಿಲ್ರಿ. ನಿಮ್ಮ ಪ್ರಮೋಶನ್ ತಪ್ಪತದ. ಮುಂದಿನ ಸಲ ನೋಡಿದ್ರಾತು."

 ಮಾಲತೇಶ ಹೇಳಿದ. "ನಾವು ಪರೀಕ್ಷಾ ಬರದಾಗ ನಮ್ಮೂರಾಗ ಒಬ್ಬಾಂವ ನಮ್ಮಪ್ಪಗ ಹೇಳಿದ್ದ, 'ವಶೀಲಿ ಇಲ್ದ ನಿನ್ನ ಮಗಗ ನೌಕರಿ ಎಲ್ಲೀದೋ ಸೋಮಪ್ಪ' ಅಂತ. ಅಪ್ಪ ಎಂಟ ದಿನ ಒಬ್ಬ ದೊಡ್ಡ ಮನಷ್ಯಾನ ಕಟ್ಟಿ ಮ್ಯಾಲೆ ಹೋಗಿ ಕುಂತ. ಅವ್ರು ಒಳಗಿಂದ ಹೊರಗ ಬರಲೇ ಇಲ್ಲ. ಒಂಬತ್ತನೇ ದಿನ ಆಯ್ಕೆ ಪಟ್ಟಿ ಬಂತ್ರಿ, ಬರೇ ಮಾರ್ಕ್ಸಿನ ಮ್ಯಾಲೆ. ಝೆರಾಕ್ಸ್ ಅಂಗಡ್ಯಾಗ ಪ್ರತಿ ತಗದು ಮನೀಗೆ ಒಯ್ದೆ. ಅಪ್ಪಗ ಓದಾಕ ಬರೂದಿಲ್ಲ. 'ನಿನ್ನ ಹೆಸರು ಎಲ್ಲೈತಿ ತೋರ್ಸು' ಅಂದ. ತೋರಿಸಿದೆ. ನಾಲ್ಕನೇ ಸಾಲಿನ ಮ್ಯಾಲೆ ಬಟ್ಟಿಟ್ಟು ಅತ್ತುಬಿಟ್ಟ."

ಅವನ ದನಿ ತುಸು ಇಳಿಯಿತು. "ಅದರ ಮ್ಯಾಲಿನ ಸಾಲಿನಾಗ ನಿಮ್ಮ ಹೆಸರಿತ್ರಿ ಅಕ್ಕಾರ. ನನ್ನ ನಾಲ್ಕು ಖರೇ ಅಂದ್ರ ನಿಮ್ಮ ಮೂರೂ ಖರೇ ಆಗಬೇಕಲ್ಲ. ನಿಮ್ಮದನ್ನ ಸುಳ್ಳ ಮಾಡಿ ನಾ ಬಡ್ತಿ ತಗೊಂಡ್ರ ಅದೂ ಒಂಥರಾ ವಶೀಲಿನ ಆತು. ಅರ್ಜಿ ಕೊಡ್ರಿ. ನೀವು ಕೊಡದಿದ್ರ ಒಮ್ಮೆ ಹೊರಗ ಬಂದ ಪಟ್ಟಿ ತಿದ್ದಾಕ ನನಗ ಆಗೂದಿಲ್ಲ."

 ಪದ್ಮಜಾ ಆಗಲಿ ಎಂದು ತಲೆಯಾಡಿಸಿದಳು.

ಶುಕ್ರವಾರ ಅವಳು ಬ್ಯಾಡಗಿಯಲ್ಲಿ ಇಳಿಯದೆ ಮಾಲತೇಶನ ಜೊತೆ ಹಾವೇರಿಗೇ ಹೋದಳು. ಜಿಲ್ಲಾ ಕಚೇರಿಯ ಅಧೀಕ್ಷಕರು ಅಣ್ಣಾಜಿ. ನಿವೃತ್ತಿಗೆ ಏಳು ತಿಂಗಳು ಉಳಿದಿದ್ದವರು, ಕಡತದಲ್ಲಿ ಅಲ್ಪವಿರಾಮ ತಪ್ಪಿದರೂ ವಾಪಸು ಕಳಿಸುವವರು. ಅರ್ಜಿ ನೋಡಿದ್ದೇ ಹುಬ್ಬು ಗಂಟಿಕ್ಕಿದರು.

"ಹನ್ನೆರಡು ವರ್ಷ ಮಲಕೊಂಡಿದ್ದೇನಮ್ಮಾ? ಇವತ್ತ ಎಚ್ಚರಾತೇನು?"

"ತಪ್ಪಾತ್ರಿ ಸರ್. ಪಟ್ಟಿ ಓದಿದ್ದಿಲ್ಲ."

ಅವರು ಹುಳ ತಿಂದ ಆದೇಶವನ್ನು ಬೆಳಕಿಗೆ ಹಿಡಿದು ನೋಡಿದರು. ಮೂಲ ಆಯ್ಕೆ ಪಟ್ಟಿ ತರಿಸಿದರು, ನಿಯಮದ ಪುಸ್ತಕ ತರಿಸಿದರು. ಬೆರಳು ಮೂರನೆಯ ಸಾಲಿನ ಮೇಲೆ ನಿಂತು ನಾಲ್ಕನೆಯದಕ್ಕೆ ಜಾರಿತು. ಆಗ ತಲೆಯೆತ್ತಿ ಮಾಲತೇಶನನ್ನು ನೋಡಿದರು.

"ಇದು ಆದ್ರ ನಿನ್ನ ಹೆಸರು ಕೆಳಗ ಹೋಗ್ತದ. ತಿಳದದ ಏನು?"

"ತಿಳದೈತ್ರಿ ಸರ್."

"ಇಕಿಗೆ ಹೇಳಿದವ್ರು ಯಾರು?"

"ನಾನ ಹೇಳೇನ್ರಿ."

 ಅಣ್ಣಾಜಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಆಮೇಲೆ ಕಡತವನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಿನ್ನ ಹೆಸರೂ ಇದರಾಗ ಅದ. ಇದರ ಟಿಪ್ಪಣಿ ನೀ ಬರೀಬಾರದು, ನಾನ ಬರೀತೀನಿ. ನಾಳೆ ಯಾರೂ ನಿಮ್ಮಿಬ್ಬರ ಮ್ಯಾಲೆ ಬಟ್ಟ ತೋರಸಬಾರದು. ಹೋಗ್ರಿ, ಚಹಾ ಕುಡೀರಿ ಇಬ್ಬರೂ. ಪದ್ಮಜಾ, ಚಹಾದ ಹೊತ್ತಿಗರೆ ಎಚ್ಚರಿರವಾ."

ಇಪ್ಪತ್ತು ದಿನಕ್ಕೆ ಅಂತಿಮ ಪಟ್ಟಿ ಬಂತು, ತಿಂಗಳೊಳಗೆ ಬಡ್ತಿಯ ಆದೇಶ. ಪದ್ಮಜಾಳನ್ನು ರಾಣೆಬೆನ್ನೂರಿಗೇ ಹಾಕಿದ್ದರು. ಬ್ಯಾಡಗಿಯಲ್ಲಿ ಬೀಳ್ಕೊಡುವ ದಿನ ಮೈಲವ್ವ ಅವಳ ಕೈಗೆ ಕೆಂಪು ಮೆಣಸಿನಕಾಯಿಯ ಒಂದು ಚೀಲ ಕೊಟ್ಟು, "ಸೀನಿಗೊಮ್ಮೆ ನನ್ನ ನೆನೀರಿ," ಎಂದಳು. ಮಾಲತೇಶನ ಸರದಿ ಬಂದದ್ದು ಮತ್ತೆ ಹದಿನಾಲ್ಕು ತಿಂಗಳ ಮೇಲೆ, ಹಾವೇರಿಯಲ್ಲಿ ಒಬ್ಬರು ನಿವೃತ್ತರಾದಾಗ. ಅಲ್ಲಿಯವರೆಗೆ ಕಾಯುವುದು ಪದ್ಮಜಾಳಿಂದ ಆಗಲಿಲ್ಲ. ಹೊಸ ಕುರ್ಚಿಯಲ್ಲಿ ಕುಳಿತ ಮೊದಲ ರವಿವಾರವೇ ಗಂಡನನ್ನೂ ಮಗಳನ್ನೂ ಕರೆದುಕೊಂಡು ಐರಣಿಯ ಬಸ್ಸು ಹತ್ತಿದಳು.

ಮಾಲತೇಶ ಮನೆಯಲ್ಲಿರಲಿಲ್ಲ, ಹೊಳೆಯ ದಂಡೆಗೆ ಎಮ್ಮೆಯ ಮೈ ತೊಳೆಯಲು ಹೋಗಿದ್ದ. ಅವನ ಅಪ್ಪ ಸೋಮಪ್ಪ ಪಡಸಾಲೆಯಲ್ಲಿ ಕಂಬಳಿ ಹಾಸಿ "ಬರ್ರಿ, ಕುಂದ್ರಿ" ಎಂದ. ತಾಯಿ ರೇಣುಕವ್ವ ನೀರು ತಂದಿಟ್ಟು, ಬಂದವರು ಯಾರೆಂದು ತಿಳಿಯದೆ ಕಂಬಕ್ಕೊರಗಿ ನಿಂತಳು. ನಡೆದದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದಾಗಲೇ ಪದ್ಮಜಾಗೆ ಗೊತ್ತಾದದ್ದು, ಮಾಲತೇಶ ಮನೆಯಲ್ಲಿ ಇದರ ಸುದ್ದಿಯನ್ನೇ ಎತ್ತಿಲ್ಲವೆಂದು.

 ಹೇಳಿ ಮುಗಿಸಿದ ಪದ್ಮಜಾ, ಮಗನ ಬಡ್ತಿ ಕಳೆದವಳು ಎಂದು ಬೈದರೂ ಕೇಳಿಕೊಳ್ಳಲು ಸಿದ್ಧಳಾಗಿದ್ದಳು. ಸೋಮಪ್ಪ ಎದ್ದು, ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡು, ಮಗನನ್ನು ಕರೆತರುತ್ತೇನೆಂದು ಹೊಳೆಯ ಕಡೆ ನಡೆದ.

ರೇಣುಕವ್ವ ಬಂದು ಪದ್ಮಜಾಳ ಪಕ್ಕದಲ್ಲಿ ಕುಳಿತಳು. "ಹೊಟ್ಟೀಲಿ ಹುಟ್ಟಿದ ಮಗ ಎಂಥಾಂವ ಅನ್ನೂದು ತಾಯಿಗೂ ಪೂರಾ ಗೊತ್ತಿರೂದಿಲ್ಲವಾ," ಎಂದಳು. "ನೀ ಬಿಸಲಾಗ ಇಷ್ಟ ದೂರ ಬಂದು ಹೇಳಿದಿ. ನಿನಗ ಪುಣ್ಯಾ ಬರಲಿ."

ಪುಣ್ಯವೆಲ್ಲ ಆ ಮನೆಗೇ ಬರಬೇಕಾದದ್ದು ಎನಿಸಿತು ಪದ್ಮಜಾಗೆ.  ಮುದುಕಿಯ ಒರಟು ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು. ಒಲೆಯ ಮೇಲೆ ರೊಟ್ಟಿಯ ಹಂಚು ಕಾಯುತ್ತಿತ್ತು. "ಉಂಡ ಹೋಗಬೇಕು ಮತ್ತ," ಎಂದು ರೇಣುಕವ್ವ ಧನಶ್ರೀಯನ್ನು ಕರೆದು, ಹಿತ್ತಲಿಂದ ನಾಲ್ಕು ಹಸಿ ಉಳ್ಳಾಗಡ್ಡಿ ಕಿತ್ತು ತರಲು ಕಳಿಸಿದಳು.