ಹಳೆಯದನ್ನು ಕೀಳಬಾರದು

ನಮ್ಮ ವಾರ್ಡಿನ ನರ್ಸುಗಳು ನನಗಿಟ್ಟ ಹೆಸರು ಕೊಕ್ಕೆ ಮೇಡಂ. ಡಾಕ್ಟರು ಬರೆದ ಔಷಧಿಗೆಲ್ಲ ನಾನು ಕೊಕ್ಕೆ ಹಾಕುತ್ತೇನಂತೆ. ಹಾಕುತ್ತೇನೆ, ಸುಳ್ಳೇನಲ್ಲ. ನನಗೆ ಸಂಬಳ ಕೊಡುವುದೇ ಅದಕ್ಕೆ. ರೋಗಿಯ ಹೊಟ್ಟೆಗೆ ಏನೇನು ಹೋಗುತ್ತಿದೆ, ಯಾವುದರ ಜೊತೆ ಯಾವುದು ಕೂಡದು, ಮನೆಯಲ್ಲಿ ಏನು ನಡೆದಿದೆ ಎಂದು ಕೆದಕುವ ಫಾರ್ಮಸಿಸ್ಟ್ ನಾನು. ದಿನಾ ಬೆಳಿಗ್ಗೆ ಡಾಕ್ಟರ ಜೊತೆ ಮಂಚದಿಂದ ಮಂಚಕ್ಕೆ ಹೋಗುತ್ತೇನೆ. ಆದರೂ ಹೆತ್ತ ತಾಯಿಯೇ ನೆಂಟರ ಹತ್ತಿರ, "ಇವಳು ಆಸ್ಪತ್ರೆ ಕೆಳಗಡೆ ಮಾತ್ರೆ ಕೊಡ್ತಾಳೆ" ಎನ್ನುತ್ತಾಳೆ. ಅಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ.

ಅವತ್ತು ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸು ಎಚ್ಚರವಿಲ್ಲದೆ ಮಲಗಿದ್ದಳು. ಬೆನ್ನುಮೂಳೆ ಕುಸಿದು ತಿಂಗಳುಗಟ್ಟಲೆ ನರಳಿದವಳು. ಎರಡು ದಿನದ ಜ್ವರ ಬೇರೆ. ಬೆಳಗಿನಿಂದ ಕರೆದರೆ ಓಗೊಡುತ್ತಿಲ್ಲ ಎಂದು ಗಂಡ ಎತ್ತಿಕೊಂಡು ಬಂದಿದ್ದ. ಉಸಿರು ನಿಂತೇಹೋಯಿತು ಎಂದುಕೊಳ್ಳುವಾಗ ಒಮ್ಮೆ ಬರುತ್ತಿತ್ತು. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು.

ತೋಳಿನ ಮೇಲೆ ಒಂದು ನೋವಿನ ಪಟ್ಟಿ ಅಂಟಿತ್ತು. ಚರ್ಮದ ಮೂಲಕ ಮೂರು ದಿನ ನಿಧಾನವಾಗಿ ಮದ್ದನ್ನು ಒಳಗೆ ಬಿಡುವ ಪಟ್ಟಿ ಅದು. ಮಿತಿ ಮೀರಿದರೆ ಉಸಿರನ್ನೇ ನಿಲ್ಲಿಸುತ್ತದೆ. ಡಾಕ್ಟರಿಗೂ ಮೊದಲು ಬಂದ ಅನುಮಾನ ಅದೇ. ಆದರೆ ಅದು ಸಣ್ಣ ಪ್ರಮಾಣದ ಪಟ್ಟಿ, ಅವಳಿಗೆ ತಿಂಗಳುಗಳಿಂದ ಒಗ್ಗಿದ್ದು. ಮಿದುಳಿನ ಬುಡದಲ್ಲಿ ರಕ್ತ ಸೋರಿದರೂ ಪಾಪೆ ಹೀಗೆಯೇ ಆಗುತ್ತದೆ. ಡಾಕ್ಟರು ಸ್ಕ್ಯಾನಿಗೆ ಹೇಳಿ, ಗಂಡನನ್ನು ಪಕ್ಕಕ್ಕೆ ಕರೆದು, "ನೋಡೋರು ಯಾರಾದ್ರೂ ಇದ್ರೆ ಬರೋಕೆ ಹೇಳ್ಬಿಡಿ" ಎಂದರು.

ಗಂಡ ಪಂಕ್ಚರ್ ಅಂಗಡಿಯವನು. ಎಷ್ಟು ತೊಳೆದರೂ ಹೋಗದ ಕಪ್ಪು ಅವನ ಉಗುರಿನ ಸಂದಿಯಲ್ಲಿತ್ತು. ಡಾಕ್ಟರ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯದವನ ಹಾಗೆ ನಿಂತಿದ್ದ. ಜೊತೆಗೆ ಬಂದಿದ್ದ ಹೆಂಡತಿಯ ತಂಗಿ ಮಾತ್ರ ಗೋಡೆಗೊರಗಿ ಅಳತೊಡಗಿದಳು.

ಇಂಥ ಹೊತ್ತಿನಲ್ಲಿ ಪ್ರಶ್ನೆ ಕೇಳುವವರನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಆದರೂ ಕೇಳಿದೆ. "ಈ ಪಟ್ಟಿ ಯಾವಾಗ ಅಂಟಿಸಿದ್ದು?"

"ನಿನ್ನೆ ಮೇಡಂ. ಮೂರು ದಿನಕ್ಕೊಂದು. ಒಂದ್ ಸಲನೂ ತಪ್ಪಿಸಿಲ್ಲ."

"ಅದಕ್ಕೆ ಮುಂಚಿನದನ್ನ ಎಲ್ಲಿ ಬಿಸಾಕಿದ್ರಿ?" ಇದನ್ನು ನಾನು ಎಲ್ಲರಿಗೂ ಕೇಳುತ್ತೇನೆ. ಕಸದಲ್ಲಿ ಬಿದ್ದ ಪಟ್ಟಿ ಮಕ್ಕಳ ಕೈಗೆ ಸಿಗಬಾರದು.

"ಬಿಸಾಕೋದಾ?" ಅವನಿಗೆ ಬೇಸರವೇ ಆಯಿತು. "ಯಾಕೆ ಬಿಸಾಕ್ಲಿ ಮೇಡಂ? ಎಲ್ಲಾ ಇವೆ, ಬೆನ್ನ ಮೇಲೆ. ಒಂದೂ ಬಿದ್ದುಹೋಗೋಕೆ ಬಿಟ್ಟಿಲ್ಲ. ಅಂಚು ಏಳಬಾರ್ದು ಅಂತ ಸುತ್ತ ಟೇಪ್ ಹಾಕಿದೀನಿ. ಬೆನ್ನಲ್ಲಿ ಜಾಗ ಮುಗೀತು ಅಂತ ನಿನ್ನೆ ತೋಳಿಗೆ ಹಾಕ್ದೆ."

"ತಿರುಗಿಸಿ! ಅವರನ್ನ ತಿರುಗಿಸಿ!" ಎಂದು ಕಿರುಚಿದೆ. ವಾರ್ಡಿನಲ್ಲಿ ನಾನು ಹಾಗೆ ಕಿರುಚಿದ್ದು ಯಾರೂ ಕೇಳಿರಲಿಲ್ಲ. ಸ್ವಲ್ಪ ಅಲ್ಲಾಡಿಸಿದರೂ ಮೂಳೆಗೆ ಪೆಟ್ಟಾದೀತು ಎಂದು ಅದುವರೆಗೆ ಅವಳನ್ನು ಯಾರೂ ಮಗ್ಗುಲಿಗೆ ತಿರುಗಿಸಿರಲಿಲ್ಲ. ಡಾಕ್ಟರು ಭುಜ ಹಿಡಿದರು, ನರ್ಸ್ ಸೊಂಟ ಹಿಡಿದಳು, ನಾನು ಕತ್ತರಿಯಿಂದ ರವಿಕೆ ಸೀಳಿದೆ.

ಬೆನ್ನು ಕಾಣಲಿಲ್ಲ. ಕುತ್ತಿಗೆಯ ಬುಡದಿಂದ ಸೊಂಟದವರೆಗೆ ಪಟ್ಟಿಗೆ ಪಟ್ಟಿ ತಾಗಿಸಿ, ಸಾಲು ತಪ್ಪದಂತೆ ಅಂಟಿಸಿದ್ದ. ಎಷ್ಟು ಅಚ್ಚುಕಟ್ಟೆಂದರೆ ಒಂದರಲ್ಲೂ ಸುಕ್ಕಿರಲಿಲ್ಲ. ಹಳೆಯ ಪಟ್ಟಿಯಲ್ಲೂ ಮದ್ದು ಉಳಿದಿರುತ್ತದೆ, ಜ್ವರದ ಬಿಸಿಗೆ ಅದು ಇನ್ನೂ ಬೇಗ ಮೈಗಿಳಿಯುತ್ತದೆ.

ನಾನು ಮೊದಲ ಪಟ್ಟಿಗೆ ಉಗುರು ಹಾಕಿದೆನೋ ಇಲ್ಲವೋ, ಅವನು ಓಡಿ ಬಂದು ನನ್ನ ಮಣಿಕಟ್ಟು ಹಿಡಿದ. "ಕೀಳ್ಬೇಡಿ! ಹಳೇದನ್ನ ಕಿತ್ರೆ ತೂತು ಬಾಯಿ ಬಿಡುತ್ತೆ. ಹುಟ್ಟಿದಾಗಿಂದ ಟ್ಯೂಬಿಗೆ ಪ್ಯಾಚ್ ಹಾಕ್ಕೊಂಡೇ ಬಂದಿದೀನಿ, ಹಾಕಿದ ಪ್ಯಾಚ್ ಯಾರೂ ಕೀಳಲ್ಲ!"

"ಇದು ಟ್ಯೂಬಲ್ಲ, ನಿಮ್ಮ ಹೆಂಡ್ತಿ! ಈ ಪಟ್ಟಿಗಳೇ ಅವರ ಉಸಿರು ನಿಲ್ಲಿಸ್ತಿರೋದು!"

ಮಾತು ಆಡಿದರೆ ಹೋಯಿತು. ಅವನ ಕೈ ಸಡಿಲವಾಯಿತು. "ಭಾವಾ, ಏನ್ ಮಾಡ್ಬಿಟ್ರಿ?" ಎಂದಳು ತಂಗಿ. ಅವನು ತನ್ನ ಎರಡೂ ಅಂಗೈಗಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡ.

ನರ್ಸ್ ಕಿತ್ತಳು, ನಾನು ಕಿತ್ತೆ. ಡಾಕ್ಟರು ಆ ಮದ್ದನ್ನು ಮುರಿಯುವ ಸೂಜಿಮದ್ದು ತರಿಸಿದರು. "ಒಂದೇ ಸಲ ಬೇಡ ಸಾರ್, ಚೂರು ಚೂರೇ ಕೊಡಿ. ಪಟ್ಟಿ ಮದ್ದಿನ ಅಮಲು ಪೂರ್ತಿ ಇಳಿದರೆ ನೋವೂ ಪೂರ್ತಿ ಎದ್ದು ಕೂರುತ್ತೆ" ಎಂದೆ. "ಎಷ್ಟೆಷ್ಟು ಅಂತ ನೀವು ಹೇಳ್ತಾ ಹೋಗಿ" ಎಂದರು. ಹೇಳುತ್ತಾ ಹೋದೆ. ಮೊದಲ ಚೂರಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೂ ಇಲ್ಲ. ಪ್ರಮಾಣ ಏರಿಸಲೇಬೇಕಾಯಿತು. ಏರಿಸಿದ ಮೇಲೆ ಎದೆ ತುಂಬ ಉಸಿರೆಳೆದುಕೊಂಡಳು, ಕಣ್ಣು ಬಿಟ್ಟಳು.

ಆಮೇಲೆ ಚೀರಿದಳು. ಕಾರಿಡಾರಿನಲ್ಲಿ ನಡೆಯುತ್ತಿದ್ದವರೆಲ್ಲ ನಿಂತುಬಿಟ್ಟರು. ಇಷ್ಟು ದಿನ ಮದ್ದಿನ ಕೆಳಗೆ ಬಿದ್ದಿದ್ದ ನೋವೆಲ್ಲ ಒಟ್ಟಿಗೆ ಬಾಯಿಗೆ ಬಂದಿತ್ತು. ತಂಗಿ "ಅಕ್ಕ ಬದುಕಿದ್ಲು!" ಎಂದು ನಗುತ್ತಾ ಅಳುತ್ತಿದ್ದಳು. ಅವನು ಮಾತ್ರ ಮಂಚದ ಕಂಬಿ ಹಿಡಿದು, "ಇಷ್ಟು ನೋವಿತ್ತಾ ಇವಳಿಗೆ? ಇಷ್ಟಾ?" ಎಂದ. ನನ್ನ ಕಡೆ ತಿರುಗಿ ಕೈಮುಗಿದ. "ಮೇಡಂ, ಒಂದನ್ನಾದ್ರೂ ವಾಪಸ್ ಅಂಟಿಸಿ. ಒಂದೇ ಒಂದು."

ಕಿತ್ತ ಪಟ್ಟಿಗಳ ತಟ್ಟೆ ನನ್ನ ಕೈಯಲ್ಲೇ ಇತ್ತು, ಒಂದನ್ನು ಅವಳಿಗೆ ಅಂಟಿಸಿಬಿಡೋಣ ಎಂದು ನನಗೂ ಎನ್ನಿಸಿತ್ತು. "ಈಗ ಆಗಲ್ಲ ಯಜಮಾನ್ರೇ, ಮತ್ತೆ ಉಸಿರು ನಿಲ್ಲುತ್ತೆ" ಎಂದು ಡಾಕ್ಟರೇ ಹೇಳಬೇಕಾಯಿತು. ಅವನು ಹೊರಗೆ ಹೋಗಲಿಲ್ಲ. ಅವಳ ಒಂದೊಂದು ಕೂಗನ್ನೂ ನಿಂತೇ ಕೇಳಿದ.

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ನಮ್ಮ ಮೇಲೆ. ಮೂರು ದಿನಕ್ಕೊಂದು ಅಂಟಿಸು ಎಂದು ಹೇಳಿದವರು ಎಷ್ಟೋ ಮಂದಿ. ಹಳೆಯದನ್ನು ಕಿತ್ತುಹಾಕು ಎಂದು ಒಬ್ಬರೂ ಹೇಳಿರಲಿಲ್ಲ.

ಅವಳು ಚೇತರಿಸಿಕೊಂಡ ಮೇಲೆ ಮತ್ತೆ ಪಟ್ಟಿ ಶುರು ಮಾಡುವ ದಿನ ಬಂತು. ಹೇಗೆ ಅಂಟಿಸಬೇಕೆಂದು ತೋರಿಸಲು ಅವನನ್ನು ಕರೆದೆ. ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನರ್ಸಮ್ಮ ಅಂಟಿಸ್ಲಿ ಮೇಡಂ. ನಾನು ಮುಟ್ಟಲ್ಲ."

ಅವಳು ಕಂಬಿ ಹಿಡಿದು, ಹಲ್ಲು ಕಚ್ಚಿ, ತಾನಾಗಿಯೇ ಮಗ್ಗುಲಾಗಿ ಬೆನ್ನನ್ನು ಅವನ ಕಡೆಗಿಟ್ಟಳು. "ಮನೇಲಿ ನರ್ಸಮ್ಮ ಇರ್ತಾರಾ? ನೀವೇ ಅಂಟಿಸಿ, ರೀ."

ಅವನು ತುಂಬ ಹೊತ್ತು ಆ ಬೆನ್ನನ್ನು ನೋಡಿದ. ಟೇಪಿನ ಗುರುತುಗಳು ಇನ್ನೂ ಕೆಂಪಗಿದ್ದವು. ಪಟ್ಟಿಯನ್ನು ಕೈಗೆ ತೆಗೆದುಕೊಂಡ.

"ಹಳೇದು ಯಾವ್ದೂ ಉಳಿದಿಲ್ಲ ತಾನೇ, ಮೇಡಂ?"

"ಇಲ್ಲ" ಎಂದೆ. ಎಂದವಳು, ಬಗ್ಗಿ ಇನ್ನೊಂದು ಸಲ ನೋಡಿದೆ.