ಕನ್ನಡಿಯ ಕೆಳಗಿನ ಎರಡನೇ ಗುಂಡಿ

“ಇದು ಮನೆಯೋ, ಬೀದಿಯೋ?”

ಟೈಲರಮ್ಮ ಕೇಳಿದ್ದು ಯಾರನ್ನೂ ಅಲ್ಲ. ತುಟಿಯಲ್ಲಿ ಕಚ್ಚಿದ್ದ ನಾಲ್ಕು ಗುಂಡುಸೂಜಿಗಳನ್ನು ಅಂಗೈಗೆ ತೆಗೆದುಕೊಂಡು, ತನ್ನಷ್ಟಕ್ಕೆ ತಾನೇ ಮೇಲೇರುತ್ತಿದ್ದ ಗ್ಯಾರೇಜಿನ ಬಾಗಿಲನ್ನು ನೋಡುತ್ತ ಕೇಳಿದಳು. ಬಾಗಿಲು ಗೊರಗೊರ ಎನ್ನುತ್ತ ಏರಿತು. ಬೆಳಕು ಮೊದಲು ನೆಲಕ್ಕೆ ಬಿತ್ತು, ಆಮೇಲೆ ಹೊಲಿಗೆ ಯಂತ್ರದ ಕಾಲಿಗೆ, ಆಮೇಲೆ ಸ್ಟೂಲಿನ ಮೇಲೆ ನಿಂತಿದ್ದ ನರ್ಸಮ್ಮನ ಪಾದಕ್ಕೆ, ಮಂಡಿಗೆ, ಸೊಂಟಕ್ಕೆ. ನರ್ಸಮ್ಮನ ಮೈಮೇಲೆ ಇದ್ದದ್ದು ಒಳಲಂಗ ಮತ್ತು ಒಂದೇ ತೋಳು ಕೂಡಿಸಿದ ಸಮವಸ್ತ್ರ. ಹೊರಗೆ ಕಾರಿನ ಗಾಜಿನ ಹಿಂದೆ ಭಾವ ಕೂತಿದ್ದ.

ಭಾವನೆಂದರೆ ಟೈಲರಮ್ಮನ ಗಂಡನ ಅಣ್ಣ. ಮನೆಗಳಿಗೆ ಬಣ್ಣ ಹೊಡೆಸುವ ಕಂಟ್ರಾಕ್ಟರು. ಅವನ ಬಣ್ಣದ ಡಬ್ಬಿಗಳು ಇವಳ ಗ್ಯಾರೇಜಿನ ಮೂಲೆಯಲ್ಲಿ ಠಿಕಾಣಿ ಹೂಡಿ ಎರಡು ವರ್ಷವಾಗಿತ್ತು. ಕೆಲಸದಲ್ಲಿದ್ದೀಯಾ, ನಡೀಲಿ ನಡೀಲಿ ಎಂದು ಒಳಗೆ ಬಂದ, ಡಬ್ಬಿಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದ, ಬೇಕಾದದ್ದನ್ನು ಎತ್ತಿಕೊಂಡು ಹೋದ. ಹೋಗುವಾಗ ಬಾಗಿಲು ಇಳಿಸಬೇಕೆಂಬ ಖಬರೂ ಅವನಿಗಿರಲಿಲ್ಲ. ನರ್ಸಮ್ಮ ಅಷ್ಟು ಹೊತ್ತೂ ಕತ್ತರಿಸುವ ಮೇಜಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

ಅವನು ಹೋದ ಮೇಲೆ ತನ್ನ ಬಟ್ಟೆ ಹಾಕಿಕೊಂಡಳು. ತನ್ನ ವಾರ್ಡಿನ ಏಳು ಜನರ ಸಮವಸ್ತ್ರಕ್ಕೆಂದು ತಂದುಕೊಟ್ಟಿದ್ದ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿದಳು. ಟೈಲರಮ್ಮ ಅಡ್ಡ ನಿಂತು ಏನೇನೋ ಸಮಾಧಾನ ಹೇಳಿದಳು. ನರ್ಸಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಾಗಿತ್ತು.

“ದಿನಾ ಹತ್ತು ಜನರ ಮೈ ಮುಚ್ಚೋದೇ ನನ್ನ ಕೆಲಸ ಕಣಮ್ಮ. ನನ್ನೊಬ್ಬಳದು ಮುಚ್ಚೋಕೆ ನಿನ್ನ ಕೈಲಿ ಆಗ್ಲಿಲ್ಲ.”

ಅಷ್ಟು ಹೇಳಿ ನಡೆದೇಬಿಟ್ಟಳು.

ತಪ್ಪು ಯಾರದು ಎಂದು ಲೆಕ್ಕ ಹಾಕಲು ಹೋದರೆ ತನ್ನ ಬೆರಳೂ ಅದರಲ್ಲಿತ್ತು, ಅದೇ ಅವಳಿಗೆ ಇನ್ನಷ್ಟು ಸಿಟ್ಟು. ಭಾವನ ಕಾರಿನೊಳಗಿನ ಕನ್ನಡಿಯ ಕೆಳಗೆ ಮೂರು ಗುಂಡಿಗಳಿದ್ದವು. ರಿಮೋಟು ಬೇರೆ ಇಟ್ಟುಕೊಳ್ಳುವ ತಾಪತ್ರಯವಿಲ್ಲ, ಒತ್ತಿದರೆ ಬಾಗಿಲು ತೆರೆಯುತ್ತದೆ. ಮೊದಲನೆಯದು ಅವನ ಮನೆಗೆ, ಮೂರನೆಯದು ಗೋದಾಮಿಗೆ. ನಡುವಿನದು ಖಾಲಿ ಇತ್ತು. ಖಾಲಿ ಯಾಕಿರಬೇಕು, ನಿಮ್ಮ ಬಾಗಿಲನ್ನೂ ಕಲಿಸಿಬಿಡೋಣ, ಆಪತ್ತಿಗೆ ಬೇಕಾಗುತ್ತೆ ಎಂದಿದ್ದ. ಕಾರಿನಲ್ಲಿ ಅವನು, ಏಣಿಯ ಮೇಲೆ ಇವಳು. ಚಾವಣಿಯ ಮೋಟಾರಿನ ಬೆನ್ನಿಗಿರುವ ಕಿತ್ತಳೆ ಗುಂಡಿಯನ್ನು ಒಬ್ಬರು ಒತ್ತಿದ ಅರ್ಧ ನಿಮಿಷದೊಳಗೆ ಇನ್ನೊಬ್ಬರು ಕಾರಿನಲ್ಲಿ ಒತ್ತಬೇಕು. ಆಗಲೇ ಎರಡಕ್ಕೂ ಗುರುತಾಗುವುದು. ಒಬ್ಬರಿಂದ ಆಗುವ ಕೆಲಸವಲ್ಲ. ಆಪತ್ತು ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ. ಭಾವ ವಾರಕ್ಕೆ ಮೂರು ಸಲ ಬಂದ.

ಹೋದ ತಿಂಗಳು ಅವಳೇ ಬಾಯಿಬಿಟ್ಟು, ಹೆಂಗಸರು ಅಳತೆ ಕೊಡುವ ಜಾಗ ಇದು, ದಯವಿಟ್ಟು ನಿಮ್ಮ ಕಾರಿನಲ್ಲಿ ಅದನ್ನು ಅಳಿಸಿಬಿಡಿ ಎಂದು ಕೇಳಿದ್ದಳು. “ಅಳಿಸ್ದೆ ಅಂದ್ಕೊಳಮ್ಮ” ಎಂದು ನಕ್ಕಿದ್ದ. ಅವಳು ಅಂದುಕೊಂಡಳು. ಅಂದುಕೊಂಡೇ ಇವತ್ತು ನರ್ಸಮ್ಮನನ್ನು ಸ್ಟೂಲು ಹತ್ತಿಸಿದ್ದಳು.

ಗಂಡ ರೈಲ್ವೆಯಲ್ಲಿ ಗಾರ್ಡು. ಫೋನಿನಲ್ಲಿ ವಿಷಯ ಹೇಳಿದರೆ, ಹೊರಗಿನವನಲ್ಲವಲ್ಲ, ಅಣ್ಣ, ನಾನೇ ಹೇಳ್ತೀನಿ ಅಂದ. ಅವನ ಆ ‘ಹೇಳ್ತೀನಿ’ ಎರಡು ವರ್ಷದಿಂದ ಇನ್ನೇನು ಬರುತ್ತದೆ ಎಂದು ಕೂಗಿಸಿಕೊಂಡು ಬಾರದೇ ಉಳಿದ ರೈಲಾಗಿತ್ತು. ಅವಳು ಮಾತು ಮುಂದುವರಿಸದೆ ಫೋನು ಇಟ್ಟು, ಬಾಗಿಲು ರಿಪೇರಿಯವನಿಗೆ ಫೋನು ಹಚ್ಚಿದಳು.

ರಿಪೇರಿಯವನು ಏನನ್ನೋ ಜಗಿಯುತ್ತಲೇ ವಿವರಿಸಿದ. ಅವರ ಕಾರಿನ ಗೊಡವೆಯೇ ನಿಮಗೆ ಬೇಡ, ಗುರುತು ಹಿಡಿಯುವುದು ಮೋಟಾರು, ಅದಕ್ಕೇ ಮರೆಯುವುದಕ್ಕೆ ಹೇಳಿ. ಕಿತ್ತಳೆ ಗುಂಡಿಯನ್ನು ಮುಟ್ಟಿ ಬಿಟ್ಟರೆ ಕಲಿಯುತ್ತದೆ, ಪಕ್ಕದ ದೀಪ ಆರುವ ತನಕ ಒತ್ತಿ ಹಿಡಿದರೆ ಮರೆಯುತ್ತದೆ.

“ಆದ್ರೆ ಮರೆತ್ರೆ ಎಲ್ಲರನ್ನೂ ಮರೆಯುತ್ತೆ ನೋಡಿ. ನಿಮ್ಮ ರಿಮೋಟು, ಯಜಮಾನರ ಕಾರು, ಎಲ್ಲಾ. ಅದಕ್ಕೆ ನೆಂಟಸ್ತಿಕೆ ಗೊತ್ತಿಲ್ಲ.”

“ಅದೇ ಬೇಕಾಗಿದ್ದು” ಎಂದಳು ಟೈಲರಮ್ಮ.

ಏಣಿ ಹತ್ತಿದಳು. ಗುಂಡಿಯನ್ನು ಒತ್ತಿ ಹಿಡಿದು, ಜಪಕ್ಕೆ ಕೂತವಳ ಹಾಗೆ ತುಟಿಯಲ್ಲೇ ಎಣಿಸಿದಳು. ಒಂಬತ್ತಕ್ಕೆ ದೀಪ ಆರಿತು. ಇಳಿದು ಬಂದು, ಮೂಲೆಯಲ್ಲಿದ್ದ ಹನ್ನೊಂದು ಡಬ್ಬಿಗಳನ್ನೂ ಎರಡೆರಡಾಗಿ ಹೊತ್ತು ಗೇಟಿನ ಪಕ್ಕ ಸಾಲಾಗಿ ಇಟ್ಟಳು. ಕೊನೆಯದೊಂದನ್ನು ಇಡುವಾಗ ಮುಚ್ಚಳ ಹಾರಿ ಹಳದಿ ಬಣ್ಣ ಚಪ್ಪಲಿಯ ಮೇಲೆ ಚೆಲ್ಲಿತು. ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಒಳಗೆ ಬಂದಳು.

ಮಧ್ಯಾಹ್ನ ಗಂಡ ಬಂದ. ಬಾಗಿಲು ತೆರೆಯದೆ ಕಂಗಾಲಾಗಿ ಹಾರ್ನು ಬಾರಿಸಿದ. ಅವಳು ಒಳಗಿನ ಸ್ವಿಚ್ಚಿನಿಂದ ಬಾಗಿಲು ತೆರೆದು, ನಡೆದದ್ದನ್ನು ಎರಡು ಮಾತಲ್ಲಿ ಹೇಳಿ, ಕಾರಿನಲ್ಲೇ ಕೂತಿರಿ ಎಂದು ತಾಕೀತು ಮಾಡಿದಳು. ಮಂಡಿನೋವಿನ ಆ ಮನುಷ್ಯ ಏಣಿ ಹತ್ತುವವನಲ್ಲ. ಮತ್ತೆ ಅವಳೇ ಹತ್ತಿದಳು, ಗುಂಡಿಯನ್ನು ಮುಟ್ಟಿ ಬಿಟ್ಟಳು, ಈಗ ಎಂದಳು. ಅವನು ಕಾರಿನಲ್ಲಿ ಎರಡು ಸಲ ಒತ್ತಿದ. ಬಾಗಿಲು ಇಳಿಯಿತು, ಮತ್ತೆ ಒತ್ತಿದರೆ ಏರಿತು.

ಏರಿದ ಬಾಗಿಲಿನಾಚೆ, ಗಂಡನ ಕಾರಿನ ಹಿಂದೆ, ಭಾವನ ಕಾರು ನಿಂತಿತ್ತು. ತನ್ನದೂ ಕೆಲಸ ಮಾಡುತ್ತದೋ ಎಂದು ಕನ್ನಡಿಯ ಕೆಳಗೆ ಅವನ ಹೆಬ್ಬೆರಳು ಒತ್ತಿದ್ದೇ ಒತ್ತಿದ್ದು. ತೆರೆದಿದ್ದ ಬಾಗಿಲು ಇಳಿಯಲೂ ಇಲ್ಲ, ಅಲುಗಲೂ ಇಲ್ಲ. ಕಿಟಕಿಯ ಗಾಜು ಇಳಿಸಿ ಡಬ್ಬಿಗಳ ಸಾಲನ್ನು ನೋಡಿದ, ಏಣಿಯ ಮೇಲಿದ್ದ ಅವಳನ್ನು ನೋಡಿದ. ಮುಖದ ನಗು ಮಾತ್ರ ಹಾಗೇ ಇತ್ತು.

“ಏನಮ್ಮ, ನನ್ನನ್ನೇ ಮನೆಯಿಂದ ಆಚೆ ಹಾಕ್ಬಿಟ್ಯಾ? ಇರ್ಲಿ, ಹೇಗೂ ಏಣಿ ಮೇಲೇ ಇದ್ದೀಯ. ಅದೊಂದು ಗುಂಡಿ ಇನ್ನೊಂದ್ಸಲ ಒತ್ತಿಬಿಡು, ನಾನು ಇಲ್ಲಿಂದ ಒತ್ಕೋತೀನಿ.”

ಅವಳು ಮೋಟಾರಿನ ಬೆನ್ನಿಗೆ ತೆರೆದೇ ಬಿಟ್ಟಿದ್ದ ಮುಚ್ಚಳಕ್ಕೆ ಕೈ ಹಾಕಿದಳು.

ಗಂಡ ಕಾರಿನಿಂದ ಇಳಿದು ಏಣಿಯ ಬುಡಕ್ಕೆ ಬಂದ. ದೊಡ್ಡವನು ಬೀದಿಯಲ್ಲಿ ನಿಂತಿದ್ದಾನೆ, ಅಕ್ಕಪಕ್ಕದವರು ನೋಡುತ್ತಾರೆ, ಅರ್ಧ ನಿಮಿಷದ ಕೆಲಸ ಎಂದು ಪಿಸುಗುಟ್ಟಿದ. ಇನ್ನು ಮೇಲೆ ಹಾರ್ನು ಹೊಡೆದೇ ಬರ್ತೀನಮ್ಮ ಎಂದು ಭಾವ ಅಲ್ಲಿಂದಲೇ ದನಿಗೂಡಿಸಿದ.

“ಇವರು ನೋಡಿದ್ರೂ ನೋಡಲಿಲ್ಲ ಅಂದ್ಕೊಂಡು ಎರಡು ವರ್ಷ ಇದ್ದೆ” ಎಂದಳು ಅವಳು, ಗಂಡನನ್ನು ನೋಡದೆ. “ಇವತ್ತು ಆ ಹೆಂಗಸು ನನ್ನ ಮೇಜಿನ ಹಿಂದೆ ಮುದುರಿ ಕೂತಿದ್ಲು. ಇವರು ಡಬ್ಬಿ ಅಲ್ಲಾಡಿಸ್ತಾ ನಿಂತಿದ್ರು. ಅವಸರವೇ ಇರಲಿಲ್ಲ ಇವರಿಗೆ.”

ಭಾವನ ನಗು ಆಗ ಇಳಿಯಿತು. ಎಂಜಿನ್ನು ಆರಿಸಿ, ತಮ್ಮನ ಮುಖ ನೋಡಿದ. ಗಂಡ ಅವಳ ಪಾದದ ಮೇಲೆ ಕೈಯಿಟ್ಟ.

“ನನಗೋಸ್ಕರ ಒತ್ತೇ. ಒಂದೇ ಒಂದ್ಸಲ.”

ಅವಳು ಪಾದವನ್ನು ಎಳೆದುಕೊಂಡು, ಮೋಟಾರಿನ ಮುಚ್ಚಳವನ್ನು ಟಪ್ಪೆಂದು ಹಾಕಿದಳು.

“ಒತ್ತಲ್ಲ. ಅವರಿಗೂ ಇಲ್ಲ, ನಿಮಗೋಸ್ಕರಾನೂ ಇಲ್ಲ.”