ಗ್ರೀಸಣ್ಣನ ಕೊನೆಯ ಸಂಪುಟ

ಗ್ರೀಸಣ್ಣನನ್ನು ನಾಲ್ಕನೆಯ ಮಹಡಿಯ ತಿರುವಿನಲ್ಲಿ ಅಡ್ಡ ತಿರುಗಿಸುವಷ್ಟರಲ್ಲಿ, ಹೆಗಲು ಕೊಡಲು ಬಂದವರ ನೂಕುನುಗ್ಗಲಿಗೆ ಕಟ್ಟಡವೇ ಒಂದು ಗೇಣು ಪಕ್ಕಕ್ಕೆ ವಾಲಿತು. ಅರ್ಧ ನಗರ ಮೆಟ್ಟಿಲ ಮೇಲಿತ್ತು, ಉಳಿದರ್ಧ ಬೀದಿಯಲ್ಲಿ ಸರದಿ ಕಾಯುತ್ತಿತ್ತು. ಸಾಲಿನ ಬಾಲ ಎಲ್ಲಿದೆಯೆಂದು ನೋಡಲು ಹೋದವನು ಇನ್ನೂ ವಾಪಸು ಬಂದಿಲ್ಲ.

“ಮಾಮ, ನಿಮ್ಮ ಕಡೆ ತಗ್ಗಾಗ್ತಿದೆ, ಎತ್ತಿ!” ಎಂದಳು ಗ್ರೀಸಣ್ಣನ ಮಗಳು.

ಎತ್ತಿದೆ. ಸ್ಟ್ರೆಚರಿನ ತಲೆಯ ಕಡೆ ನಾನು ಮತ್ತು ಅವನ ಮಗಳು. ಕಾಲಿನ ಕಡೆ ವ್ಯಾನಿನ ಡ್ರೈವರ್ ಒಬ್ಬನೇ ಎರಡೂ ಹಿಡಿಗಳನ್ನು ಹಿಡಿದು ಹಿಮ್ಮುಖವಾಗಿ ಮೆಟ್ಟಿಲು ತಡವುತ್ತಿದ್ದ. ಹಿಂದೆ ಗ್ರೀಸಣ್ಣನ ಅಕ್ಕ ಎಲ್ಲರ ಚೀಲ ಹೊತ್ತು ಇಳಿಯುತ್ತಿದ್ದಳು. ಅರ್ಧ ನಗರ ಆ ಗಳಿಗೆಯಲ್ಲಿ ಮಾತ್ರ ಟೀ ಕುಡಿಯಲು ಹೋಗಿತ್ತು.

“ಲಿಫ್ಟ್ ಇದೆಯಲ್ಲ ಸಾರ್,” ಡ್ರೈವರ್ ಏದುಸಿರು ಬಿಟ್ಟ.

“ಇದೆ. ಅದರಲ್ಲಿ ನಾಲ್ಕು ಜನ ನಿಲ್ಲಬಹುದು, ಒಬ್ಬನೂ ಮಲಗೋಕಾಗಲ್ಲ.”

“ಹಾಗಾದ್ರೆ ನಿಲ್ಲಿಸಿಕೊಂಡೇ…”

“ಬಾಯ್ಮುಚ್ಚು!” ಅಕ್ಕ ಮೇಲಿನ ಮೆಟ್ಟಿಲಿನಿಂದ ಗದರಿದಳು. “ನನ್ನ ತಮ್ಮನ್ನ ಬೀರು ಸಾಗಿಸೋ ಹಾಗೆ ನಿಲ್ಲಿಸಿಕೊಂಡು ಹೋಗ್ತೀಯಾ?”

ಊರಿನ ಲಿಫ್ಟುಗಳಲ್ಲೆಲ್ಲ ಗ್ರೀಸಣ್ಣ ಹೆಚ್ಚು ಮುದ್ದಾಗಿ ಸಾಕಿದ್ದು ತನ್ನ ಮನೆಯ ಈ ಲಿಫ್ಟನ್ನೇ. ಅದು ಬಾಗಿಲು ತೆರೆದುಕೊಂಡು, ದೀಪ ಹಚ್ಚಿಕೊಂಡು, ಸುಮ್ಮನೆ ನೋಡುತ್ತಿತ್ತು.

ಮೂರನೆಯ ಮಹಡಿಯಲ್ಲಿ ಸ್ಟ್ರೆಚರ್ ಕೆಳಗಿಟ್ಟು ಕೈ ಕೊಡವಿಕೊಂಡೆವು. ಮಗಳು ತಂದೆಯ ಮುಖದ ಮೇಲಿನ ಬಟ್ಟೆ ಸರಿಪಡಿಸಿದಳು. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸ ಅವಳದು. ಆಸ್ಪತ್ರೆಯಲ್ಲಿ ತಂದೆಯ ಉಸಿರು ನಿಂತಾಗ ಎರಡು ದಿನದ ದಾರಿಯಾಚೆ ಇದ್ದಳು, ಬಂದಿಳಿದದ್ದು ಇವತ್ತು ಬೆಳಿಗ್ಗೆ. ಮೈಮೇಲೆ ಇನ್ನೂ ಸಮವಸ್ತ್ರವೇ ಇತ್ತು.

“ಮಾಮ, ಅಪ್ಪ ನಿಜವಾಗ್ಲೂ ನಕ್ಕರಾ?”

ಬೆಳಗಿನಿಂದ ಅವಳು ಬೇರೇನೂ ಕೇಳಿರಲಿಲ್ಲ.

“ನಕ್ಕನಾ? ಅವನ ನಗುವಿಗೆ ಪಕ್ಕದ ಹಾಸಿಗೆಯವರು ಕಾಯಿಲೆ ಮರೆತು ಎದ್ದು ಮನೆಗೆ ಹೋದರು.”

“ಕತೆಯ ಕೊನೆ ಪೂರ್ತಿ ಹೇಳಿದ್ರಿ ತಾನೆ?”

“ಒಂದಕ್ಷರ ಬಿಡದೆ.”

“ಅಷ್ಟಾದ್ರೂ ಆಯ್ತಲ್ಲ,” ಎಂದು ಗೋಡೆಗೆ ತಲೆಯಾನಿಸಿದಳು. “ನಾನಂತೂ ಇರ್ಲಿಲ್ಲ. ಅದಾದ್ರೂ ಸಿಕ್ತಲ್ಲ ಅವರಿಗೆ.”

* * *

ಗ್ರೀಸಣ್ಣ ಮತ್ತು ನಾನು ಒಂದೇ ಕಂಪನಿಯ ಲಿಫ್ಟ್ ರಿಪೇರಿಯವರು, ಇಬ್ಬರ ತಲೆಗೂದಲೂ ಕಪ್ಪಗಿದ್ದ ಕಾಲದಿಂದ. ಅವನು ಕೈಯಿಟ್ಟ ಲಿಫ್ಟು ಮೋಡ ಮುಟ್ಟಿ ಬರುತ್ತಿತ್ತು. ನಾನು ಕೈಯಿಟ್ಟದ್ದು ಮೋಡ ದಾಟಿ ಹೋಗುತ್ತಿತ್ತು. ನನ್ನ ಅಡ್ಡಹೆಸರು ಬುರುಡೆ. ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಕೆಲಸದ ಕ್ರಮ ಹೀಗಿತ್ತು. ಅವನು ಲಿಫ್ಟಿನ ನೆತ್ತಿಯ ಮೇಲೆ ಕತ್ತಲಲ್ಲಿ ಟಾರ್ಚ್ ಹಿಡಿದು ಕೂರುವುದು, ನಾನು ಒಳಗೆ ಗುಂಡಿಯ ಮುಂದೆ. ಕದಲುವ ಮೊದಲು ಮೇಲಿನವನು ಕೂಗಬೇಕು: “ಬುರುಡೆ, ಇದ್ದೀಯಾ?” ಒಳಗಿನವನು “ಇದ್ದೀನಿ” ಅನ್ನಬೇಕು. ಆ ಉತ್ತರ ಕಿವಿಗೆ ಬೀಳದೆ ಲಿಫ್ಟು ಒಂದು ಅಂಗುಲವೂ ಅಲುಗಕೂಡದು. ಉತ್ತರಕ್ಕೆ ಕಾಯದವರ ಕತೆಗಳು ನಮ್ಮ ಕೆಲಸದಲ್ಲಿ ಬೇಕಾದಷ್ಟಿವೆ. ಯಾವುದೂ ಊಟದ ಹೊತ್ತಿನಲ್ಲಿ ಹೇಳುವಂಥದ್ದಲ್ಲ.

ಆ ಕತ್ತಲ ಬಾವಿಯಲ್ಲಿ ತೂಗಾಡುವವನಿಗೆ ಬಾಹ್ಯಾಕಾಶದ ಹುಚ್ಚು ಹಿಡಿದದ್ದು ಸಹಜವೇ. ಒಂದು ವಾರಪತ್ರಿಕೆಯಲ್ಲಿ ಅವನ ಅಪ್ಪನ ಕಾಲದಿಂದ ಒಂದು ಚಿತ್ರಕತೆ ಬರುತ್ತಿತ್ತು. ದಾರಿ ತಪ್ಪಿದ ಒಬ್ಬ ಪೈಲಟ್, ವಾರಕ್ಕೆ ಎರಡು ಪುಟ, ಪ್ರತಿವಾರ ಭೂಮಿಯಿಂದ ಇನ್ನಷ್ಟು ದೂರ. ಪತ್ರಿಕೆಯ ಕೊನೆಗಾಲದ ಸಂಚಿಕೆಗಳು ನಮ್ಮ ಕಡೆಯ ಅಂಗಡಿಗಳಿಗೆ ಬರಲೇ ಇಲ್ಲ. ಪೈಲಟ್ ಮನೆ ಸೇರಿದನೋ, ಅಲ್ಲೇ ಎಲ್ಲೋ ಕರಗಿಹೋದನೋ, ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗ್ರೀಸಣ್ಣನಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು.

ಆಮೇಲೆ ಯಾರೋ ಪ್ರಕಾಶಕರು ಅದನ್ನು ಮೊದಲಿನಿಂದ ದಪ್ಪ ರಟ್ಟಿನ ಸಂಪುಟಗಳಾಗಿ ಮರುಮುದ್ರಿಸತೊಡಗಿದರು, ವರ್ಷಕ್ಕೊಂದು. ಗ್ರೀಸಣ್ಣ ಒಂದನ್ನೂ ಬಿಡಲಿಲ್ಲ. ಮನೆಗೆ ಬಂದವನೇ ಸೀಮೆಎಣ್ಣೆ, ಆಮೇಲೆ ಸೋಪು, ಆಮೇಲೆ ಮತ್ತೊಮ್ಮೆ ಸೋಪು ಹಾಕಿ ಕೈ ಉಜ್ಜಿಕೊಂಡು ಪುಸ್ತಕ ಮುಟ್ಟುತ್ತಿದ್ದ. ಹೆಸರಿಗೆ ಗ್ರೀಸಣ್ಣ, ಪುಟಗಳ ಮೇಲೆ ಒಂದು ಬೆರಳ ಗುರುತಿಲ್ಲ. ಓದುವುದೂ ಪತ್ರಿಕೆಯ ಲೆಕ್ಕದಲ್ಲೇ, ವಾರಕ್ಕೆ ಎರಡು ಪುಟ. ಮಗಳು ಚಿಕ್ಕವಳಿದ್ದಾಗ ತೊಡೆಯೇರಿ ಕೇಳುತ್ತಿದ್ದಳು:

“ಆಮೇಲೆ?”

“ಮುಂದಿನ ವಾರ.”

“ಒಂದೇ ಒಂದು ಪುಟ ಅಪ್ಪ!”

“ಅವನು ಅಲ್ಲಿ ಒಂದು ವಾರ ಕಾದಿದ್ದಾನೆ, ನಾವು ಮೋಸ ಮಾಡಬಾರದು ಪುಟ್ಟಿ.”

ಹೆಂಡತಿ ತೀರಿಕೊಂಡ ವಾರವೂ ಅವನು ಆ ಎರಡು ಪುಟ ಬಿಡಲಿಲ್ಲ. ಅಕ್ಕ ಪುಸ್ತಕ ಕಸಿದುಕೊಂಡು, “ನಿನ್ನದೇನು ಕಲ್ಲಿನ ಎದೆಯಾ?” ಎಂದು ಅತ್ತಳು. ಅವನು ಕೈಚಾಚಿ ಕೂತೇ ಇದ್ದ. “ಅವನಾದ್ರೂ ಮನೆ ಮುಟ್ಲಿ ಅಕ್ಕ,” ಎಂದ.

ಕೊನೆಯ ಸಂಪುಟವೊಂದು ಬಾಕಿಯಿತ್ತು. ಪ್ರಕಾಶಕರು ಅದನ್ನು ಮುಂದೂಡಿದರು, ಮತ್ತೆ ಮುಂದೂಡಿದರು. ಅಷ್ಟರಲ್ಲಿ ಗ್ರೀಸಣ್ಣನ ಶ್ವಾಸಕೋಶ ಕೈಕೊಟ್ಟಿತು.

* * *

“ಐದನೇ ಮಹಡಿ, ಬಲಗಡೆ ಮನೆ ಈ ಕಟ್ಟಡದಲ್ಲೇನಾ?”

ನಾವಿನ್ನೂ ಮೂರನೆಯ ಮಹಡಿಯಲ್ಲೇ ನಿಂತಿದ್ದಾಗ ಕೆಳಗಿನಿಂದ ಹೆಲ್ಮೆಟ್ ಹಾಕಿಕೊಂಡ ಒಬ್ಬ ದಢೂತಿ ಮನುಷ್ಯ ಮೆಟ್ಟಿಲೇರಿ ಬಂದ. ಕಪ್ಪು ಗಾಜಿನ ಆ ದುಂಡನೆಯ ತಲೆ ಕಂಡು, ಪೈಲಟ್ಟೇ ಬಂದನೇನೋ ಅಂದುಕೊಂಡೆ. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಪಾರ್ಸಲ್ಲಿನವನು.

“ಹೌದು, ಕೊಡಿ,” ಎಂದಳು ಮಗಳು.

“ಯಾರ ಹೆಸರಿಗಿದೆಯೋ ಅವರೇ ಸಹಿ ಹಾಕ್ಬೇಕಮ್ಮ.”

“ಇಲ್ಲೇ ಮಲಗಿದ್ದಾನೆ,” ಎಂದಳು ಅಕ್ಕ. “ಕೇಳಿ ನೋಡಪ್ಪ, ಹಾಕ್ತಾನಾ ಅಂತ.”

ಆ ಮನುಷ್ಯ ಸ್ಟ್ರೆಚರನ್ನು ಆಗಷ್ಟೇ ನೋಡಿದ. ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ. ನಮ್ಮ ತಲೆಗಳನ್ನು ಎಣಿಸಿದವನಂತೆ ಒಂದು ಸುತ್ತು ನೋಡಿ, “ಇಷ್ಟೇ ಜನಾನಾ?” ಎಂದ. ಪೆಟ್ಟಿಗೆಯನ್ನು ಗ್ರೀಸಣ್ಣನ ಕಾಲ ಬಳಿ ಇಟ್ಟು, ಹೆಲ್ಮೆಟ್ಟನ್ನು ಅಕ್ಕನ ಕೈಗೆ ಕೊಟ್ಟು, ಬಗ್ಗಿ ಡ್ರೈವರನ ಪಕ್ಕದ ಹಿಡಿಗೆ ಕೈಹಾಕಿದ.

“ಸರಿ, ಎತ್ತಿ.”

ನಾಲ್ಕನೆಯ ಹೆಗಲು ಬಂದದ್ದು ಹಾಗೆ.

ಬೀದಿಯಲ್ಲಿ ಜನಸಾಗರ ಭೋರ್ಗರೆಯುತ್ತಿತ್ತು ಎಂದು ಹೇಳಬೇಕೆಂದಿದ್ದೆ. ಅಲ್ಲಿ ವ್ಯಾನು ನಿಂತಿತ್ತು. ಅದರ ನೆರಳಲ್ಲಿ ಒಂದು ನಾಯಿ ಮಲಗಿತ್ತು. ಪಾರ್ಸಲ್ಲಿನವನು ಕೈಮುಗಿದು, ಹೆಲ್ಮೆಟ್ ಇಸಿದುಕೊಂಡು ಹೊರಟ. ಸಹಿಯ ಮಾತೆತ್ತಲಿಲ್ಲ.

* * *

ವ್ಯಾನಿನ ಹಿಂಭಾಗದಲ್ಲಿ ನಡುವೆ ಗ್ರೀಸಣ್ಣ, ಆಚೆ ಬದಿಗೆ ಮಗಳು, ಈಚೆ ನಾನು. ಅಕ್ಕ ಮುಂದೆ ಡ್ರೈವರನ ಪಕ್ಕ. ಮಗಳ ತೊಡೆಯ ಮೇಲೆ ಪೆಟ್ಟಿಗೆ, ಅದರ ಮೇಲೆ ಆ ಪ್ರಕಾಶಕರ ಹೆಸರು.

“ಬಿಚ್ಚಬೇಡ,” ಎಂದೆ. “ಹಾಗೇ ಅವನ ಜೊತೆ ಕಳಿಸೋಣ. ಅವನ ಪುಸ್ತಕ, ಅವನೇ ಬಿಚ್ಚಲಿ.”

“ಕೊನೇ ಎರಡು ಪುಟ ಮಾತ್ರ ಓದ್ತೀನಿ ಮಾಮ. ಅಪ್ಪನಿಗೆ ನೀವು ಬಾಯಲ್ಲಿ ಹೇಳಿದ್ರಿ. ಅಕ್ಷರದಲ್ಲಿ ನಾನು ಕೇಳಿಸ್ತೀನಿ.”

“ಬೆಳಕಿಲ್ಲ ಇಲ್ಲಿ, ಕಣ್ಣು ಹಾಳಾಗುತ್ತೆ.”

“ಮಾಮ, ಮಟಮಟ ಮಧ್ಯಾಹ್ನ.”

ಅವಳು ಬೀಗದ ಕೈಯಿಂದ ಅಂಟುಪಟ್ಟಿ ಸೀಳಿದಳು. ಅಕ್ಕ ಮುಂದಿನ ಸೀಟಿನಿಂದ ತಿರುಗಿ, ತನ್ನ ಸೆರಗಿನಿಂದ ಮಗಳ ಕೈಬೆರಳುಗಳನ್ನು ಒಂದೊಂದಾಗಿ ಒರೆಸಿದಳು. “ಕೊಳೆಯಾದ್ರೆ ಅವನಿಗೆ ಆಗಲ್ಲ,” ಎಂದಳು.

ಬೆಳಗಿನಿಂದ ನಾನು ಇವರಿಬ್ಬರಿಗೂ ಹೇಳಿಕೊಂಡು ಬಂದ ಕೊನೆ ಹೀಗಿತ್ತು. ಸಂಪುಟ ಅಚ್ಚುಹಾಕುವ ಪ್ರೆಸ್ಸಿನ ಲಿಫ್ಟು ನೋಡಿಕೊಳ್ಳುವವನು ನಾನೇ, ಹಾಗಾಗಿ ಅಚ್ಚಾಗುವ ಮುಂಚೆಯೇ ಹಾಳೆ ನೋಡಿದೆ. ಪೈಲಟ್ ಭೂಮಿಗೆ ಬಂದು ತನ್ನ ಮನೆಯ ಬಾಗಿಲು ತಟ್ಟುತ್ತಾನೆ. ಅವನಿಗೆ ಕೆಲವೇ ವರ್ಷ ಕಳೆದಿದೆ, ಭೂಮಿಗೆ ಇಡೀ ಆಯುಷ್ಯ. ಬಾಗಿಲು ತೆಗೆಯುವ ಮುದುಕಿ ಅವನ ಮಗಳು. “ಯಾಕಪ್ಪ ಇಷ್ಟು ತಡ?” ಎಂದು ಅವಳು ಒಳಗೆ ಕರೆಯುತ್ತಾಳೆ. ಅದನ್ನು ಕೇಳಿ ಗ್ರೀಸಣ್ಣ ನಕ್ಕ, ನಗುತ್ತಲೇ ಹೋದ.

ಮಗಳು ಕೊನೆಯ ಪುಟ ತೆರೆದಳು. ತುಂಬ ಹೊತ್ತು ನೋಡಿದಳು. ಹಿಂದಿನ ಪುಟ ತಿರುಗಿಸಿದಳು, ಮತ್ತೆ ಮುಂದಕ್ಕೆ ಬಂದಳು. ಆಮೇಲೆ ಪುಸ್ತಕವನ್ನು ನನ್ನತ್ತ ತಿರುಗಿಸಿದಳು.

ಕಡೆಯ ಚೌಕದಲ್ಲಿ ಪೈಲಟ್ ನೌಕೆಯ ಹೊರಗಿದ್ದ. ಹಗ್ಗ ತುಂಡಾಗಿತ್ತು. ಒಂದು ಕೈ ಮುಂದಕ್ಕೆ ಚಾಚಿತ್ತು, ಐದೂ ಬೆರಳು ಬಿಚ್ಚಿಕೊಂಡು. ಬಾಯಿಯ ಬಳಿ ಮೂರೇ ಶಬ್ದ: “ಯಾರಾದರೂ ಇದ್ದೀರಾ? ಕೇಳಿಸುತ್ತಿದೆಯಾ?” ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಮುಂದಿನ ವಾರ. ಅದರ ಕೆಳಗೆ ಪ್ರಕಾಶಕರ ಟಿಪ್ಪಣಿ: ಪತ್ರಿಕೆ ಇಲ್ಲಿಗೆ ನಿಂತಿತು, ಚಿತ್ರಕಾರರು ಮುಂದಿನದನ್ನು ಬರೆಯಲಿಲ್ಲ.

“ಕೊನೆಯೇ ಇಲ್ಲ,” ಎಂದಳು.

ನನ್ನ ಬಾಯಲ್ಲಿ ಹತ್ತು ಸುಳ್ಳು ಸಿದ್ಧವಾಗಿದ್ದವು. ಇದು ಕಳ್ಳ ಮುದ್ರಣ. ಇನ್ನೊಂದು ಸಂಪುಟವಿದೆ. ಪ್ರೆಸ್ಸಿನವರು ಹಾಳೆ ಬಿಟ್ಟಿದ್ದಾರೆ.

“ಹೋಗ್ಲಿ, ನೀವೇ ಕಟ್ಟಿ ಹೇಳಿದ್ದೂ ಒಳ್ಳೇದೇ ಆಯ್ತು ಮಾಮ,” ಅವಳ ಧ್ವನಿ ಒಡೆಯುತ್ತಿತ್ತು. “ಎಷ್ಟು ಚೆನ್ನಾಗಿ ಕಟ್ಟಿದ್ರಿ. ಅಪ್ಪ ಅದನ್ನ ಕೇಳಿಸಿಕೊಂಡೇ ಹೋದ್ರಲ್ಲ. ಹೋದ್ರು ತಾನೆ? ಹೇಳಿ ಮಾಮ.”

ವ್ಯಾನು ಸಿಗ್ನಲಿನಲ್ಲಿ ನಿಂತಿತು. ಅಕ್ಕ ತಿರುಗಿ ನೋಡುತ್ತಿದ್ದಳು.

“ಇಲ್ಲ ಪುಟ್ಟಿ,” ಎಂದೆ. “ಆ ಕತೆ ನನಗೆ ಹೊಳೆದದ್ದು ಇವತ್ತು ಬೆಳಿಗ್ಗೆ, ನಿನ್ನ ಮುಖ ನೋಡಿದ ಮೇಲೆ.”

“ಮತ್ತೆ ಆಸ್ಪತ್ರೆಲಿ?”

ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆ ಖಾಲಿಯಿತ್ತು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಗ್ರೀಸಣ್ಣ ಬಾಯಿಗೆ ಹಾಕಿದ್ದ ಆಕ್ಸಿಜನ್ ಮಾಸ್ಕನ್ನು ಪಕ್ಕಕ್ಕೆ ಸರಿಸಿ ಕೇಳಿದ: “ಕೊನೆಗೆ ಏನಾಯ್ತೋ? ನೀನೇ ಹೇಳು. ಸುಳ್ಳಾದ್ರೂ ಪರವಾಗಿಲ್ಲ.” ಜೀವಮಾನವಿಡೀ ಯಾರೂ ಕೇಳದೆಯೇ ಸುಳ್ಳನ್ನು ಮೂಟೆಗಟ್ಟಲೆ ಕೊಟ್ಟವನು ನಾನು. ಅವತ್ತು ಒಬ್ಬ ಬಾಯ್ಬಿಟ್ಟು ಕೇಳಿದ, ಒಂದೇ ಒಂದು. ಬಾಯಿ ತೆರೆದೆ. ಗಂಟಲಲ್ಲಿ ಏನೂ ಇರಲಿಲ್ಲ.

ಅವನು ಕಾದ. ಅವನ ಕಣ್ಣು ಮಂಜಾಗುತ್ತಿತ್ತು, ನಾನು ಕಾಣುತ್ತಿರಲಿಲ್ಲವೆಂದು ತೋರುತ್ತದೆ. ಕೈಯನ್ನು ಹಾಸಿಗೆಯಿಂದ ಮೇಲೆತ್ತಿ ಮುಂದಕ್ಕೆ ಚಾಚಿದ.

“ಬುರುಡೆ, ಇದ್ದೀಯಾ?”

ನಾನು ಅಲ್ಲೇ ಇದ್ದೆ, ಮೊಳದ ದೂರದಲ್ಲಿ. “ಇದ್ದೀನಿ” ಎಂಬ ಆ ಒಂದು ಶಬ್ದವೂ ಹೊರಡಲಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು, ಐದೂ ಬೆರಳು ಬಿಚ್ಚಿ, ಕೈ ಹಾಗೇ ಹಿಡಿದುಕೊಂಡಿದ್ದ. ಆಮೇಲೆ, ಅಷ್ಟು ವರ್ಷಗಳಲ್ಲಿ ಅದೊಂದೇ ಸಲ, ಉತ್ತರ ಬರುವ ಮೊದಲೇ ಕದಲಿಬಿಟ್ಟ.